ಹೋದಷ್ಟೇ ಹೊತ್ತು ಬರುವುದಕ್ಕೆ

ಡೈರಿ ಕೊಂಡವರಲ್ಲಿ ಅದರ ಕೊನೆಯ ಹನ್ನೆರಡು ಪುಟ ಓದುವವರು ಎಷ್ಟು ಜನ ಅಂತ ಯಾರಾದರೂ ಎಣಿಸಿ ಹೇಳಿದ್ದರೆ ಡೈರಿ ಪ್ರೆಸ್ಸಿನ ಮೈಲಿಗಲ್ಲು ಆ ಪುಟಗಳನ್ನು ತುಂಬುವ ಕೆಲಸ ಬಿಟ್ಟು ಎಂದೋ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುತ್ತಿದ್ದ. ಒಂದು ಅಡಿಗೆ ಎಷ್ಟು ಸೆಂಟಿಮೀಟರು, ಜ್ವರ ಎಷ್ಟಾದರೆ ಡಾಕ್ಟರ ಹತ್ತಿರ ಓಡಬೇಕು, ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರು, ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು, ಇಂಥದ್ದೆಲ್ಲ ಆ ಪುಟಗಳಲ್ಲಿರುತ್ತದೆ. ಡೈರಿ ಕೊಂಡವರು ಜನವರಿಯ ಮೊದಲ ವಾರ ಭಯಭಕ್ತಿಯಿಂದ ಬರೆಯುತ್ತಾರೆ, ಎರಡನೆಯ ವಾರ ಪೆನ್ನು ಹುಡುಕುತ್ತಾರೆ, ಮೂರನೆಯ ವಾರ ಅದನ್ನು ಮಕ್ಕಳ ಕೈಗೆ ಗೀಚಲು ಕೊಡುತ್ತಾರೆ. ಮಕ್ಕಳೋ ಹಿಂದಿನ ಪುಟದಿಂದಲೇ ಶುರು ಮಾಡುತ್ತವೆ. ಹಾಗಾಗಿ ಅವನಿಗೆ ಓದುಗರು ಅಂತ ಯಾರಾದರೂ ಇದ್ದರೆ ಅವರಿಗಿನ್ನೂ ಅಕ್ಷರ ಕಲಿಸಬೇಕಷ್ಟೆ. ಇದು ಬೇರೆಯವರು ಆಡಿದ ಮಾತಲ್ಲ, ಅವನೇ ಹೇಳಿಕೊಂಡು ಅವನೇ ನಗುತ್ತಿದ್ದ ಮಾತು.

ಮೈಲಿಗಲ್ಲು ಅನ್ನುವ ಹೆಸರು ಪ್ರೆಸ್ಸಿನ ಬೈಂಡಿಂಗ್ ವಿಭಾಗದ ಹೆಂಗಸರು ಇಟ್ಟದ್ದು. ಎಲ್ಲ ಊರಿನ ದೂರ ಹೇಳುತ್ತಾನೆ, ತಾನು ಮಾತ್ರ ಹೂತಲ್ಲಿಂದ ಅಲ್ಲಾಡುವುದಿಲ್ಲ ಅಂತ. ಸರಿಯಾಗಿಯೇ ಇಟ್ಟಿದ್ದರು. ಐವತ್ತೈದು ವರ್ಷದ ಆಸಾಮಿ ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಬಸ್ಸಲ್ಲಿ ಎರಡು ಗಂಟೆ ಕೂತರೆ ಹೊಟ್ಟೆ ತೊಳಸುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು, ನೀವು ಎಲ್ಲೆಲ್ಲಿಗೆ ಹೋಗಿದ್ದೀರಿ ಸಾರ್ ಅಂತ ಕೇಳಿದರೆ, ಮೂರನೆಯ ಮಹಡಿಯಿಂದ ಕೆಳಗಿನ ಟೀ ಅಂಗಡಿಯವರೆಗೆ ಅನ್ನುತ್ತಿದ್ದ. ದೂರ ಐವತ್ತೆರಡು ಮೆಟ್ಟಿಲು, ಅವಧಿ ಒಂದೂವರೆ ನಿಮಿಷ.

ಅವನ ಕೋಣೆ ಆ ಮೂರನೆಯ ಮಹಡಿಯ ಮೂಲೆಯಲ್ಲಿತ್ತು. ಕಿಟಕಿ ತೆರೆದರೆ ಅಂಟಿನ ವಾಸನೆ, ಮುಚ್ಚಿದರೆ ಶಾಯಿಯ ವಾಸನೆ. ಮೇಜಿನ ಮೇಲೆ ಕರಡು ಹಾಳೆಗಳ ಗಂಟು, ಪಕ್ಕದಲ್ಲಿ ಒಂದು ಹಳೆಯ ಗ್ಲೋಬು. ಯಾರೋ ಅದರ ಸಮುದ್ರದ ಮೇಲೆ ಬಿಸಿ ಲೋಟ ತಗುಲಿಸಿದ್ದರಿಂದ ಅಲ್ಲಿ ಯಾವ ದೇಶಕ್ಕೂ ಸೇರದ ಒಂದು ಕಂದು ದ್ವೀಪ ಹುಟ್ಟಿತ್ತು. ಬೈಂಡಿಂಗಿನ ಕೆಂಪು ನೂಲು ತೆಗೆದುಕೊಂಡು ಒಂದು ತುದಿಯನ್ನು ಈ ಊರಿನ ಮೇಲೆ, ಇನ್ನೊಂದನ್ನು ಆ ಊರಿನ ಮೇಲೆ ಒತ್ತಿ ಹಿಡಿದು, ಬಿಗಿಯಾಗಿ ಎಳೆದು, ಆಮೇಲೆ ಸ್ಕೇಲಿನ ಮೇಲಿಟ್ಟು ಅಳೆಯುವುದು. ಅದರಿಂದ ಬಂದ ಕಿಲೋಮೀಟರನ್ನು ವಿಮಾನದ ವೇಗ ಅಂತ ಎಂಟುನೂರರಿಂದ ಭಾಗಿಸುವುದು, ಏರುವುದಕ್ಕೂ ಇಳಿಯುವುದಕ್ಕೂ ಅಂತ ಅರ್ಧ ಗಂಟೆ ಸೇರಿಸುವುದು. ಹಾರಾಟದ ಹೊತ್ತು ಸಿಕ್ಕಿತು. ಈಗ ಇದೆಲ್ಲ ಫೋನಿನಲ್ಲೇ ಸಿಗುತ್ತದಲ್ಲ ಅಂತ ಬೈಂಡಿಂಗಿನವರು ಕಾಲೆಳೆದರೆ, ಫೋನು ಹೇಳಿದ್ದನ್ನು ಅಚ್ಚು ಹಾಕಿದರೆ ನನಗೆ ಯಾಕೆ ಸಂಬಳ ಅಂತ ಮುಖ ಗಂಟು ಹಾಕಿಕೊಳ್ಳುತ್ತಿದ್ದ.

ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿ ಒಬ್ಬ ಮುದುಕರು ಕೂರುತ್ತಿದ್ದರು. ಅವರ ಕಾಲದ ಪಟ್ಟಿ ಚೌಕಾಕಾರ, ಅಡ್ಡಕ್ಕೂ ಉದ್ದಕ್ಕೂ ಅವೇ ಊರುಗಳು. ಮೇಲಿನ ಅರ್ಧದಲ್ಲಿ ಹೋಗುವ ಹೊತ್ತು, ಕೆಳಗಿನದರಲ್ಲಿ ಬರುವ ಹೊತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಮ್ಮವನ ಕಣ್ಣಿಗೆ ಅದರಲ್ಲಿ ಮೂವತ್ತಾರು ತಪ್ಪು ಬಿದ್ದವು. ಒಂದೇ ದಾರಿ, ಹೋಗುವಾಗ ಒಂಬತ್ತೂಕಾಲು ಗಂಟೆಯಂತೆ, ಬರುವಾಗ ಎಂಟಂತೆ. ಮನೆಯಿಂದ ಪ್ರೆಸ್ಸಿಗೆ ಹದಿನೆಂಟು ನಿಮಿಷದ ನಡಿಗೆ, ಪ್ರೆಸ್ಸಿಂದ ಮನೆಗೂ ಹದಿನೆಂಟೇ. ಇಷ್ಟು ಸಾಮಾನ್ಯ ಜ್ಞಾನ ಬೇಡವೇ ಅಂತ ಪಾಪ ಆ ಮುದುಕರ ಬಗ್ಗೆ ಮರುಕಪಟ್ಟ. ಮೂವತ್ತಾರನ್ನೂ ತಿದ್ದಿದ. ತಿದ್ದಿದ ಮೇಲೆ ಎರಡು ಅರ್ಧವೂ ಒಂದೇ ಆದವು, ಹಾಗಾಗಿ ಮೇಲಿನ ಅರ್ಧವನ್ನು ಕಿತ್ತೇ ಹಾಕಿದ. ಉಳಿದ ಜಾಗದಲ್ಲಿ ಜ್ವರದ ಪಟ್ಟಿ ಕೂತಿತು. ಯಜಮಾನರು ಅವನ ಬೆನ್ನು ತಟ್ಟಿ, ಭಲೇ ಅಂದರು. ಮೂವತ್ತು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಭಲೇ ಅದೊಂದೇ, ಅದನ್ನು ಅವನು ಹೆಂಡತಿಗೆ ಎಷ್ಟು ಸಲ ಹೇಳಿದ್ದನೆಂದರೆ ಆಕೆ ಈಗ ಅವನಿಗಿಂತ ಮೊದಲೇ ಭಲೇ ಅಂದುಬಿಡುತ್ತಿದ್ದಳು.

ಇಂಥವನಿಗೆ ಒಬ್ಬಳು ಅಕ್ಕ. ಅಮ್ಮ ತೀರಿಕೊಂಡಾಗ ಅವನಿಗೆ ಐದು, ಅವಳಿಗೆ ಹನ್ನೊಂದು. ಅಪ್ಪನಿಗೆ ಗಿರಣಿಯಲ್ಲಿ ಪಾಳಿ ಕೆಲಸ. ಹನ್ನೊಂದರ ಆ ಹುಡುಗಿ ಇವನಿಗೆ ತಲೆ ಬಾಚಿದಳು, ಮಗ್ಗಿ ಬಾಯಿಪಾಠ ಮಾಡಿಸಿದಳು, ತಪ್ಪು ಹೇಳಿದರೆ ಕಿವಿ ಹಿಂಡಿದಳು. ದೊಡ್ಡವಳಾಗಿ ಒಂದು ಆಸ್ಪತ್ರೆಯ ಅಡುಗೆಮನೆಗೆ ಸೇರಿದಳು, ರೋಗಿಗಳಿಗೆ ಉಪ್ಪಿಲ್ಲದ್ದನ್ನು ಬೇಯಿಸುತ್ತ ಮೂವತ್ತು ವರ್ಷ ಕಳೆದಳು. ಇವನಿಗೆ ಮದುವೆ ಮಾಡಿದಳು. ತಾನು ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಇವನಂತೂ ಕೇಳಲೇ ಇಲ್ಲ. ಅಕ್ಕ ಅಂದರೆ ಪಕ್ಕದ ಬೀದಿಯಲ್ಲಿ ಇರುವವಳು, ಸಂಜೆ ಹೋದರೆ ಬಾಗಿಲು ತೆಗೆಯುವವಳು ಅಂತಲೇ ಅವನ ಲೆಕ್ಕ.

ಆ ಆಸ್ಪತ್ರೆಗೆ ಹೊಸ ಒಲೆ ತರಿಸಿದರು. ಒಂದು ಕೋಣೆಯಷ್ಟು ದೊಡ್ಡದು, ಬ್ರೆಡ್ಡು ಸುಡುವಂಥದ್ದು. ಅದನ್ನು ಜೋಡಿಸಿ ನಡೆಸುವುದು ಕಲಿಸಿಕೊಡಲು ಒಬ್ಬರು ಬಂದರು. ಇಲ್ಲಿಯವರೇ, ಎಳೆಯ ವಯಸ್ಸಿನಲ್ಲಿ ದೂರದ ಊರಿಗೆ ಹೋಗಿ ಅಲ್ಲೇ ಬೇಕರಿ ಇಟ್ಟವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬ ಮಗಳು. ಮೂರು ತಿಂಗಳು ಇದ್ದರು. ಒಲೆ ಒಂದೇ ತಿಂಗಳಿಗೆ ಉರಿಯತೊಡಗಿತ್ತು, ಉಳಿದ ಎರಡು ತಿಂಗಳು ಏನು ಜೋಡಿಸುತ್ತಿದ್ದರು ಅನ್ನುವುದು ಮೈಲಿಗಲ್ಲಿನ ತಲೆಗೆ ಹೊಳೆಯಲೇ ಇಲ್ಲ. ಐವತ್ತೆರಡು ವರ್ಷದ ಅಕ್ಕ ಒಂದು ಸಂಜೆ ಬಾಗಿಲು ತೆಗೆದು, ಕೂರಿಸಿ, ನಾನು ಮದುವೆ ಆಗ್ತಿದ್ದೀನಿ ಕಣೋ ಅಂದಳು.

ನಲವತ್ತಾರು ವರ್ಷದ ಗಂಡಸು, ಹೆಂಡತಿ ಇರುವವನು, ಮೀಸೆ ನರೆತವನು, ಆ ರಾತ್ರಿ ಮನೆಗೆ ಬಂದು ಊಟ ಬಿಟ್ಟ. ಹೊಟ್ಟೆಕಿಚ್ಚು ಅಂತ ಹೇಳಿಕೊಳ್ಳಲು ನಾಚಿಕೆಯಾಗಿ, ಜನ ಏನಂತಾರೆ ಅಂದ. ಜನಕ್ಕೆ ಇವರ ಚಿಂತೆ ಇರಲಿಲ್ಲ. ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಮೆಟ್ಟಿಲ ಮೇಲೆ ಆ ಬೇಕರಿಯವರು ಅಕ್ಕನ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದರು. ಇವನು ತನ್ನ ಕೈಯನ್ನು ಜೇಬಿಗೆ ಹಾಕಿಕೊಂಡ. ಹಾಕಿಕೊಂಡು, ಅಕ್ಕನ ಕಡೆ ತಿರುಗಿ ಅಂದ: "ಮುದುಕನ ಹಿಟ್ಟು ನಾದೋಕೆ ಅಷ್ಟು ದೂರ ಹೋಗ್ತೀಯಾ, ಹೋಗು. ನನ್ನ ಪಾಲಿಗೆ ನೀನು ಸತ್ತ ಹಾಗೇ."

ಅಕ್ಕ ಮೆಟ್ಟಿಲಿಳಿದು ಹೋದಳು. ಮರುದಿನ ವಿಮಾನ ಹತ್ತಿದಳು. ಇವನು ಬೀಳ್ಕೊಡಲು ಹೋಗಲಿಲ್ಲ, ಅವಳು ಫೋನ್ ಮಾಡಲಿಲ್ಲ. ಎರಡು ದಿನದಲ್ಲಿ ಇಳಿಯುವ ಕೋಪ ಅಂತ ಅವನ ಹೆಂಡತಿ ಅಂದುಕೊಂಡಿದ್ದಳು. ಒಂಬತ್ತು ವರ್ಷವಾಯಿತು.

ಹಾಗಂತ ಮರೆತಿದ್ದನೇ? ಎಲ್ಲಿ ಮರೆಯುತ್ತಾನೆ. ಆ ವರ್ಷದ ಡೈರಿಯ ಪಟ್ಟಿಗೆ ಯಾರೂ ಕೇಳದೆ ಒಂದು ಊರು ಹೊಸದಾಗಿ ಸೇರಿತು. ಆರು ಸಾವಿರದ ಎಂಟುನೂರ ನಲವತ್ತು ಕಿಲೋಮೀಟರು, ಒಂಬತ್ತು ಗಂಟೆ ಮೂರು ನಿಮಿಷ. ಆ ಊರಿಗೆ ಇಲ್ಲಿಂದ ಯಾರು ಹೋಗುತ್ತಾರೆ ಅಂತ ಯಜಮಾನರು ಕೇಳಿದರೆ, ಹೋಗುವವರು ಹೋಗುತ್ತಾರೆ ಸಾರ್ ಅಂದ. ಅಚ್ಚಾದ ಡೈರಿಯನ್ನು ಎರಡು ಪ್ರತಿ ತಂದು, ಒಂದನ್ನು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಮರೆತವನ ಹಾಗೆ ಇಟ್ಟ. ನಾಲ್ಕು ದಿನ ಬಿಟ್ಟು ಅದು ಅಲ್ಲಿರಲಿಲ್ಲ. ಪ್ರತಿ ವರ್ಷ ಹೀಗೇ. ಎಲ್ಲಿಗೆ ಹೋಯಿತು ಅಂತ ಇವನು ಕೇಳುತ್ತಿರಲಿಲ್ಲ, ಅಂಚೆಗೆ ಹಾಕಿದೆ ಅಂತ ಆಕೆ ಹೇಳುತ್ತಿರಲಿಲ್ಲ. ಭಾನುವಾರ ಭಾನುವಾರ ಆಕೆ ಅತ್ತಿಗೆಯ ಜೊತೆ ಫೋನಿನಲ್ಲಿ ಮಾತಾಡುವಾಗ ಇವನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದ. ಒಂದು ಗಂಟೆಯಾದರೂ ಪುಟ ಮಗುಚುತ್ತಿರಲಿಲ್ಲ. ಒಂದು ಸಲವಂತೂ ಪೇಪರ್ ತಲೆಕೆಳಗಾಗಿತ್ತು. ಕರಡು ತಿದ್ದುವವನಿಗೆ ಅಕ್ಷರ ಹೇಗಿದ್ದರೂ ಓದಲು ಬರುತ್ತದೆ ಅಂತ ಹೆಂಡತಿಗೆ ಸಮಜಾಯಿಷಿ ಕೊಟ್ಟ.

ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಅವನಿಗೆ ಜೀವನದಲ್ಲಿ ಬೇರೆ ಯಾವ ದೊಡ್ಡ ಆಸೆಯೂ ಉಳಿದಿರಲಿಲ್ಲ. ಆದರೆ ಮೊದಲು ಮಾತಾಡುವುದು ಹೇಗೆ? ಹಾಳು ಹಠ. ಒಂದು ಕಾಗದ ಬರೆಯಲು ಕೂತ. ನಾಲ್ಕು ಪುಟ ಬರೆದ. ಆಮೇಲೆ ಕಸುಬು ಕೈಬಿಡಲಿಲ್ಲ, ಕೆಂಪು ಪೆನ್ನು ಹಿಡಿದ. ಈ ಸಾಲು ಅತಿಯಾಯಿತು, ಈ ಪದ ಸರಿಯಿಲ್ಲ, ಇಲ್ಲಿ ಅಳು ಜಾಸ್ತಿ ಅಂತ ಹೊಡೆಯುತ್ತ ಹೊಡೆಯುತ್ತ ಕೊನೆಗೆ ಉಳಿದದ್ದು ಮೇಲೆ "ಅಕ್ಕ" ಅನ್ನುವುದು, ಕೆಳಗೆ "ನಿನ್ನ ತಮ್ಮ" ಅನ್ನುವುದು. ನಡುವೆ ಒಂದು ಅಲ್ಪವಿರಾಮ.

ಹೀಗಿರುವಾಗ ಹೆಂಡತಿ ಒಂದು ದಿನ ಬಟ್ಟೆ ಮಡಿಸುತ್ತ ಸುದ್ದಿ ಹೇಳಿದಳು. ಅತ್ತಿಗೆ ಇನ್ನೊಂದು ಊರಿಗೆ ಹೋಗುತ್ತಿದ್ದಾರೆ, ಅವರ ಮಗಳ ಮನೆಗೆ. ಮಗಳು ಅಂದರೆ ಆ ಬೇಕರಿಯವರ ಮಗಳು. ದಾರಿಯಲ್ಲಿ ಈ ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಬರುವ ಶನಿವಾರ. ಹೊರಗೆ ಬಂದು ಸ್ವಲ್ಪ ಹೊತ್ತು ಇರುತ್ತಾರಂತೆ, ಮೂರು ಗಂಟೆಗೆ ಮತ್ತೆ ಒಳಗೆ ಹೋಗಿಬಿಡಬೇಕಂತೆ.

ಇವನು, ಎಷ್ಟು ಗಂಟೆಗೆ ಇಳಿಯುತ್ತಾಳೆ ಅಂತ ಗೋಡೆಯನ್ನು ಕೇಳುವವನ ಹಾಗೆ ಕೇಳಿದ.

"ಅಲ್ಲಿ ರಾತ್ರಿ ಒಂದಕ್ಕೆ ಹೊರಡುತ್ತೆ," ಅಂದಳು ಹೆಂಡತಿ. "ಇಳಿಯೋದು ಯಾವಾಗ ಅಂತ ನೀವೇ ಅವರಿಗೆ ಫೋನ್ ಮಾಡಿ ಕೇಳಿ. ಒಂಬತ್ತು ವರ್ಷ ನಿಮ್ಮಿಬ್ಬರ ಮಧ್ಯೆ ಅಂಚೆ ಹಂಚಿ ನನಗೆ ಸಾಕಾಗಿದೆ."

ಫೋನ್ ಮಾಡುವುದೇ? ಹೊರಡುವ ಹೊತ್ತು ಸಿಕ್ಕ ಮೇಲೆ ಇನ್ನು ಯಾರ ದಾಕ್ಷಿಣ್ಯ ಬೇಕು! ಜಪ್ಪಯ್ಯ ಅಂದರೂ ಫೋನ್ ಮುಟ್ಟಲಿಲ್ಲ. ಡೈರಿ ತೆರೆದ. ಅಲ್ಲಿಯ ಗಡಿಯಾರ ಇಲ್ಲಿಗಿಂತ ನಾಲ್ಕು ಗಂಟೆ ಹಿಂದೆ, ಅಂದರೆ ಇಲ್ಲಿಯ ಬೆಳಗಿನ ಐದು. ಐದಕ್ಕೆ ಒಂಬತ್ತು ಗಂಟೆ ಮೂರು ನಿಮಿಷ ಕೂಡಿದರೆ ಮಧ್ಯಾಹ್ನ ಎರಡು ಗಂಟೆ ಮೂರು ನಿಮಿಷ. ಸಾಮಾನು ತೆಗೆದುಕೊಂಡು ಹೊರಗೆ ಬರಲು ಅರ್ಧ ಗಂಟೆ. ಎರಡೂವರೆಗೆ ಅಕ್ಕ ಎದುರಿಗೆ ಇರುತ್ತಾಳೆ. ಮೂರಕ್ಕೆ ಒಳಗೆ. ಮಾತಿಗೆ ಅರ್ಧ ಗಂಟೆ ಸಿಗುತ್ತದೆ, ಸಾಕು, ಅದಕ್ಕಿಂತ ಹೆಚ್ಚಾದರೆ ಅತ್ತುಬಿಡುತ್ತೇನೆ ಅಂತ ಒಳಗೊಳಗೇ ಅಂದುಕೊಂಡ. ಹೆಂಡತಿಗೆ ಮಾತ್ರ, ನೋಡಿದೆಯಾ, ನನ್ನ ಪಟ್ಟಿ ಇರುವಾಗ ಇನ್ನೊಬ್ಬರನ್ನು ಯಾಕೆ ಕೇಳಬೇಕು ಅಂದ.

ಆಕೆ ಹನ್ನೆರಡೂವರೆಗೇ ಹೋಗಿ ಕೂತುಕೊಳ್ಳಿ ಅಂದಳು. ಒಂದಲ್ಲ, ಮೂರು ಸಲ ಅಂದಳು. ಅಷ್ಟು ಬೇಗ ಹೋಗಿ ಅಲ್ಲಿ ಕಂಬ ಎಣಿಸಲಾ ಅಂತ ಇವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಆಕೆ ಶಾಲೆಯಲ್ಲಿ ಹೊಲಿಗೆ ಟೀಚರು, ಶನಿವಾರ ಪರೀಕ್ಷೆ ಇತ್ತು, ಜೊತೆಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಮತ್ತೊಮ್ಮೆ ಹೇಳಿದಳು: "ಬೇಗ ಹೋಗಿ. ಹೋಗಿ ಅವರನ್ನ ಒಂದು ಮಾತು ಕೇಳಿ, ಹೇಗಿದೀಯಾ ಅಂತ. ಅಷ್ಟು ಕೇಳಿದ್ರೆ ಸಾಕು."

ಶನಿವಾರ ಇವನು ಕ್ಷೌರ ಮಾಡಿಸಿಕೊಂಡ. ಮಾಡಿಸಿಕೊಳ್ಳಲು ತಲೆಯ ಹಿಂಭಾಗದಲ್ಲಿ ಮಾತ್ರ ಏನೋ ಒಂದಿಷ್ಟು ಉಳಿದಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿ ಕನ್ನಡಿ ನೋಡಿದ, ದಪ್ಪ ಗಾಜಿನ ಕನ್ನಡಕದಲ್ಲಿ ಮುದುಕನ ಹಾಗೆ ಕಂಡ, ಅದನ್ನು ತೆಗೆದು ಮೇಜಿನ ಮೇಲಿಟ್ಟ. ಅಕ್ಕ ತನ್ನನ್ನು ಒಂಬತ್ತು ವರ್ಷ ಹಿಂದಿನ ಹಾಗೇ ನೋಡಲಿ ಅಂತ. ಜೇಬಿನಲ್ಲಿ ಓದುವ ಕನ್ನಡಕ ಒಂದೇ ಇತ್ತು. ಲೋಕದ ದೂರವೆಲ್ಲ ಅಳೆದವನು, ದೂರದ್ದು ಕಾಣುವ ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದ. ಬೆಪ್ಪುತಕ್ಕಡಿ ಅಂತ ಆಮೇಲೆ ಎಷ್ಟೋ ಸಲ ತನ್ನನ್ನೇ ಬೈದುಕೊಂಡ.

ವಿಮಾನ ನಿಲ್ದಾಣ ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ. ಈಗಷ್ಟೇ ಇಳಿದಿರುತ್ತಾಳೆ, ಇಪ್ಪತ್ತು ನಿಮಿಷ ಕೈಯಲ್ಲಿದೆ ಅಂತ ಬೀಗಿದ. ಗೋಡೆಯ ಮೇಲಿನ ದೊಡ್ಡ ಫಲಕದಲ್ಲಿ ಹಳದಿ ಅಕ್ಷರ ಮಂಜಾಗಿ ಓಡುತ್ತಿದ್ದವು. ಅದನ್ನು ಓದಲಾಗದಿದ್ದರೂ ಚಿಂತೆಯಿಲ್ಲ, ಅದು ಹೇಳುವುದು ಇವನಿಗೆ ಮೊದಲೇ ಗೊತ್ತು. ಹೊರಬರುವ ಬಾಗಿಲ ಎದುರಿಗೆ ಕಬ್ಬಿಣದ ಕಂಬಿ. ಅದಕ್ಕೆ ಒರಗಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ನಿಂತ. ಬಾಗಿಲು ತೆರೆದಾಗಲೆಲ್ಲ ಕಣ್ಣು ಕಿರಿದು ಮಾಡಿ ನೋಡಿದ. ಗಾಡಿ ತಳ್ಳುವವರು ಬಂದರು, ಕೂಸು ಹೊತ್ತವರು ಬಂದರು, ಒಬ್ಬ ಹೆಂಗಸನ್ನು ನೋಡಿ ಅಕ್ಕ ಅಂತ ಕೈ ಎತ್ತಿದ, ಹತ್ತಿರ ಬಂದಾಗ ಅವರಿಗೆ ಗಡ್ಡ ಇತ್ತು. ಎರಡೂವರೆಯಾಯಿತು. ಎರಡು ಮೂವತ್ತೈದು. ಮನಸ್ಸಿನಲ್ಲಿ ಮಾತು ಜೋಡಿಸುತ್ತ, ಹೊಡೆದುಹಾಕುತ್ತ ನಿಂತೇ ಇದ್ದ.

ಪಕ್ಕದಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರು ಯಾರದೋ ಹೆಸರಿನ ಹಲಗೆ ಹಿಡಿದು ನಿಂತಿದ್ದ. ಕೊನೆಗೆ ಅವನನ್ನು ಕೇಳಬೇಕಾಯಿತು, ಆ ಊರಿನ ವಿಮಾನ ತಡವೇ ಅಂತ.

"ತಡ ಎಲ್ಲಿ ಬಂತು ಸಾರ್, ಅದು ಒಂದು ಗಂಟೆಗೆ ಮುಂಚೆನೇ ಇಳೀತು," ಅಂದ ಡ್ರೈವರು. "ಈ ಕಡೆ ಬರೋವಾಗ ಗಾಳಿ ಬೆನ್ನಿಗಿರುತ್ತೆ, ಎಂಟು ಗಂಟೆ ಸಾಕು. ಹೋಗೋವಾಗ ಎದುರುಗಾಳಿ, ಒಂಬತ್ತು ದಾಟುತ್ತೆ. ಯಾವಾಗಲೂ ಅಷ್ಟೇ."

ಯಾವಾಗಲೂ ಅಷ್ಟೇ ಅನ್ನುವ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಆ ಮುದುಕರ ಮೂವತ್ತಾರೂ ಸರಿಯಾಗಿದ್ದವು. ಮೂವತ್ತು ವರ್ಷ, ವರ್ಷಕ್ಕೆ ನಲವತ್ತು ಸಾವಿರ ಪ್ರತಿ, ಅಷ್ಟರಲ್ಲೂ ತನ್ನ ಪಟ್ಟಿ ತಪ್ಪು. ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಹಾಸಿಗೆ ಹಿಡಿಯುತ್ತಿದ್ದ. ಆದರೆ ಈಗ ಎರಡು ಗಂಟೆ ನಲವತ್ತು ನಿಮಿಷ. ಅಕ್ಕ ಬಂದು, ಕಾದು, ತಮ್ಮ ಬರಲಿಲ್ಲ ಅಂತ ಒಳಗೆ ಹೋಗಿಬಿಟ್ಟಿದ್ದರೆ? ಕಂಬಿ ಬಿಟ್ಟು ತಿರುಗಿದ.

ತಿರುಗಿದರೆ ಹದಿನೈದು ಹೆಜ್ಜೆ ಹಿಂದೆ ಒಂದು ಬೆಂಚು. ಅದರ ತುದಿಯಲ್ಲಿ ಸೀರೆಯ ಮೇಲೆ ಬೂದು ಬಣ್ಣದ ಸ್ವೆಟರ್ ಹಾಕಿದ ಹೆಂಗಸೊಬ್ಬಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಮುಖ ಕಾಣುತ್ತಿರಲಿಲ್ಲ, ಆದರೆ ಚೀಲವನ್ನು ಎರಡು ಕೈಯಿಂದ ಹಾಗೆ ಅಪ್ಪಿ ಹಿಡಿಯುವವರು ಲೋಕದಲ್ಲಿ ಒಬ್ಬರೇ. ಹತ್ತಿರ ಹೋದ. ಬಿಳಿ ಕೂದಲು, ಕೆನ್ನೆ ಇಳಿದಿತ್ತು, ಕಣ್ಣು ಅದೇ. ಅವಳು ಇವನನ್ನೇ ನೋಡುತ್ತಿದ್ದಳು. ಇವನು ಬಂದಾಗಿನಿಂದ ನೋಡುತ್ತಿದ್ದಳು. ಒಂದೂಕಾಲಿಗೇ ಬಂದು ಕೂತವಳು, ತಮ್ಮ ಬಂದು ಬೆನ್ನು ತೋರಿಸಿ ನಿಂತ ಅರ್ಧ ಗಂಟೆಯನ್ನೂ ಮಾತಾಡಿಸದೆ ಕಳೆದಿದ್ದಳು. ಹಠದಲ್ಲಿ ಅವಳೂ ಅದೇ ಅಪ್ಪನ ಮಗಳಲ್ಲವೇ, ಮೊದಲ ಮಾತು ಇವನದೇ ಆಗಲಿ ಅಂತ.

ಈಗ ಇವನು ಬಾಯಿ ತೆರೆಯಬೇಕು. ಒಂಬತ್ತು ವರ್ಷ ತಿದ್ದಿದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಹೇಗಾದರೂ ನಗಿಸಿದರೆ ಉಳಿದದ್ದು ಸುಲಭವಾಗುತ್ತದೆ ಅಂತ ಅನ್ನಿಸಿ, ಅವನ ಹಳೇ ಚಾಳಿ, ತಮಾಷೆಗೆ ಕೈಹಾಕಿದ.

"ಏನಕ್ಕ, ಬ್ರೆಡ್ಡಿನವರನ್ನ ಬಿಟ್ಟು ಒಬ್ಬಳೇ ಬಂದ್ಯಾ? ಅಲ್ಲಿ ಒಲೆ ಯಾರು ನೋಡ್ಕೋತಾರೆ?"

ಅಕ್ಕ ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಅವರು ಹೋಗಿ ಎಂಟು ತಿಂಗಳಾಯ್ತು ಕಣೋ."

ನಗಿಸಲು ಅಂತ ಹಲ್ಲು ಬಿಟ್ಟಿದ್ದ ಮುಖವನ್ನು ಹೇಗೆ ಮುಚ್ಚಿಕೊಳ್ಳುವುದು ಅಂತ ಇವನಿಗೆ ತಿಳಿಯಲಿಲ್ಲ. ಎಂಟು ತಿಂಗಳು. ಒಂದು ಭಾನುವಾರ ಹೆಂಡತಿ ಫೋನ್ ಇಟ್ಟು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಇವನು ಬಾಗಿಲವರೆಗೆ ಹೋಗಿ, ಇವತ್ತು ಊಟ ತಡವೇ ಅಂತ ಕೇಳಿ ವಾಪಸು ಬಂದಿದ್ದ. ಆಮೇಲೆ ಗೊತ್ತಾಯಿತು, ಅಕ್ಕ ಆಕೆಯಿಂದ ಮಾತು ತೆಗೆದುಕೊಂಡಿದ್ದಳಂತೆ: ಅಕ್ಕ ಹೇಗಿದ್ದಾಳೆ ಅಂತ ಅವನಾಗಿ ಒಂದು ಮಾತು ಕೇಳಿದರೆ ಈ ಸುದ್ದಿ ಹೇಳು, ಕೇಳದಿದ್ದರೆ ಬೇಡ. ಎಂಟು ತಿಂಗಳು ಆಕೆ ಕಾದಿದ್ದಳು. ಒಂದು ಮಾತು ಕೇಳಿ ಅಂತ ಈ ಬೆಳಿಗ್ಗೆಯೂ ಹೇಳಿ ಹೋಗಿದ್ದಳು. ಆ ಮೆಟ್ಟಿಲ ಮೇಲೆ ಚಾಚಿದ ಕೈಯನ್ನು ಇನ್ನು ಯಾವ ಊರಿಗೆ ಹೋಗಿ ಹಿಡಿಯುವುದು? ತನ್ನನ್ನು ನೋಡಿ ತಾನೇ ನಗುವುದು ಇವನಿಗೆ ಚೆನ್ನಾಗಿ ಬರುತ್ತಿತ್ತು, ಅದನ್ನೇ ದೊಡ್ಡ ಗುಣ ಅಂದುಕೊಂಡಿದ್ದ. ಈಗ ನೋಡಿದರೆ, ನಕ್ಕು ನಕ್ಕು ಯಾರನ್ನೂ ಏನೂ ಕೇಳದೆ ತಪ್ಪಿಸಿಕೊಂಡಿದ್ದ ಅಷ್ಟೆ.

ಬೆಂಚಿನ ಮೇಲೆ ಕುಸಿದು ಕೂತ. ಅಕ್ಕ, ನಾನು ಅವತ್ತು ಅಂದದ್ದು, ಅಂತ ಶುರು ಮಾಡಿದ. ಮುಂದಕ್ಕೆ ಹೋಗಲಿಲ್ಲ, ಅಳು ಬಂತು. ಸಣ್ಣ ಅಳುವಲ್ಲ; ಹಲಗೆ ಹಿಡಿದ ಡ್ರೈವರು ತಿರುಗಿ ನೋಡಿದ.

"ಅದನ್ನ ನಾನು ಅವತ್ತೇ ಬಿಟ್ಟೆ," ಅಂದಳು ಅಕ್ಕ. "ನಿನ್ನ ಬಾಯಿ ನನಗೆ ಗೊತ್ತಿಲ್ವಾ. ನೀನು ಬರ್ತೀಯಾ ಅನ್ನೋದನ್ನ ಅವರೇ ಬಿಡಲಿಲ್ಲ. ಪ್ರತಿ ಜನವರಿ ಡೈರಿ ಬಂದ ಕೂಡಲೇ ಹಿಂದಿನ ಪುಟ ತೆಗೆದು ಆ ಸಾಲು ನೋಡೋರು. ಬರೋಕೆ ಎಷ್ಟು ಹೊತ್ತು ಅಂತ ಅವನಿಗೆ ಗೊತ್ತಿದೆ, ಬರ್ತಾನೆ ಬಿಡು ಅನ್ನೋರು."

ಅವನ ಪಟ್ಟಿಗೆ ಒಬ್ಬ ಓದುಗ ಇದ್ದ. ಆ ಓದುಗನ ಬಗ್ಗೆ ಅವನಿಗೆ ಏನು ಗೊತ್ತಿತ್ತು? ಕೈ ಚಾಚಿದ್ದು ಬಿಟ್ಟರೆ ಏನೂ ಇಲ್ಲ. ಮುಖ ಕೂಡ ಸರಿಯಾಗಿ ನೆನಪಿಲ್ಲ, ಅವತ್ತು ನೋಡಿಯೇ ಇರಲಿಲ್ಲ. ಇಸ್ತ್ರಿ ಮಾಡಿದ ತೋಳಿನಿಂದಲೇ ಮೂಗು ಒರೆಸಿಕೊಂಡ.

"ಭಾವ ಹೇಗಿದ್ರು ಅಕ್ಕ?" ಅಂದ. "ನನಗೆ ಹೇಳು."

ಆ ಮನುಷ್ಯನನ್ನು ಅವನು ಭಾವ ಅಂದದ್ದು ಅದೇ ಮೊದಲು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹೇಳತೊಡಗಿದಳು. ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹಚ್ಚುತ್ತಿದ್ದದ್ದು, ಅವಳಿಗೆ ಎಚ್ಚರ ಆಗಬಾರದು ಅಂತ ಚಪ್ಪಲಿ ಕೈಯಲ್ಲಿ ಹಿಡಿದು ಕತ್ತಲಲ್ಲಿ ನಡೆದು ದಿನಾ ಅದೇ ಕುರ್ಚಿಗೆ ಎಡವುತ್ತಿದ್ದದ್ದು. ಹಿಟ್ಟು ಉಬ್ಬುವಾಗ ಪಕ್ಕದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಸಿಡುಕುತ್ತಿದ್ದದ್ದು. ಅವಳ ಕೈ ಅಡುಗೆಗೆ ಉಪ್ಪು ಸಾಲದು ಅಂತ ಒಂಬತ್ತು ವರ್ಷದಲ್ಲಿ ಒಂದು ಸಲವೂ ಹೇಳದೆ, ಅವಳು ಆ ಕಡೆ ತಿರುಗಿದಾಗ ಕದ್ದು ಹಾಕಿಕೊಳ್ಳುತ್ತಿದ್ದದ್ದು. ಕೊನೆಕೊನೆಗೆ ಉಸಿರು ಹಿಡಿಯುತ್ತಿತ್ತಂತೆ, ಡಾಕ್ಟರು ಹಿಟ್ಟಿನ ಪುಡಿ ಆಗದು ಅಂದರಂತೆ, ಕೇಳಲಿಲ್ಲವಂತೆ. ಇವನು ನಡುನಡುವೆ ಕೇಳಿದ: ಅವರಿಗೆ ಎಷ್ಟು ವಯಸ್ಸಾಗಿತ್ತು, ಎತ್ತರ ಎಷ್ಟು, ಹಾಡುತ್ತಿದ್ದರೇ, ಬೈಯುತ್ತಿದ್ದರೇ, ಕೊನೆಯ ದಿನ ನೀನು ಪಕ್ಕದಲ್ಲಿದ್ದೆಯಾ. ಎಲ್ಲಕ್ಕೂ ಅಕ್ಕ ಉತ್ತರ ಕೊಟ್ಟಳು. ಕೊನೆಯದಕ್ಕೆ ಹೌದು ಅಂತ ತಲೆ ಆಡಿಸಿದಳು.

ಮೂರು ಗಂಟೆಯಾಗಿ ಐದು ನಿಮಿಷ ಮೀರಿತ್ತು. ಅವಳು ಎದ್ದಳು, ಚೀಲವನ್ನು ಇವನು ಹೊತ್ತ. ಗಾಜಿನ ಬಾಗಿಲಲ್ಲಿ ಕಾವಲಿನವನು ಅವಳ ಟಿಕೆಟ್ ನೋಡಿ, ಇವನನ್ನು ತಡೆದ. ಇನ್ನೂ ಅರ್ಧವೂ ಕೇಳಿ ಮುಗಿದಿರಲಿಲ್ಲ. ಅವಳು ಹೋಗುತ್ತಿದ್ದ ಊರು ಇವನ ಪಟ್ಟಿಯಲ್ಲಿ ಇರಲಿಲ್ಲ, ಇದ್ದಿದ್ದರೂ ಇನ್ನು ಅದನ್ನು ನಂಬುವ ಧೈರ್ಯ ಇರಲಿಲ್ಲ.

"ಎಷ್ಟು ಗಂಟೆಗೆ ಇಳೀತೀಯಕ್ಕ?" ಅಂತ ಕೇಳಿದ. "ನಾನು ಫೋನ್ ಮಾಡ್ತೀನಿ. ಯಾವ ಹೊತ್ತಲ್ಲಿ ಮಾಡಲಿ ಹೇಳು. ಅಲ್ಲಿಯ ಗಡಿಯಾರದಲ್ಲಿ ಹೇಳು, ನಾನು ಲೆಕ್ಕ ಹಾಕ್ಕೋತೀನಿ."

ಅಕ್ಕ ಇವನ ಕೈಯಿಂದ ಚೀಲ ತೆಗೆದುಕೊಂಡಳು. ಹಿಂದಿನಿಂದ ಜನ ತಳ್ಳುತ್ತಿದ್ದರು.

"ಯಾವ ಹೊತ್ತಲ್ಲಾದ್ರೂ ಮಾಡೋ," ಅಂದಳು. "ನಿದ್ದೆ ಕೆಡುತ್ತೆ ಅಂತ ಗೊಣಗೋರು ಈಗ ಪಕ್ಕದಲ್ಲಿ ಯಾರೂ ಇಲ್ಲ."